ಬ್ಯಾಕಪ್ ಇದೆ ಸರಿ, ಅದು ವಾಪಸ್ ಬರುತ್ತಾ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಅಂದರೆ ನಾನೊಬ್ಬನೇ. ಪಿಗ್ಮಿ, ಮುದ್ದತಿ ಠೇವಣಿ, ಚಿನ್ನದ ಸಾಲ ಎಲ್ಲವೂ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ರಾತ್ರಿ 11ಕ್ಕೆ ತಾನಾಗಿ ಪಿಜಿ ಡಂಪ್ (ಡೇಟಾಬೇಸನ್ನು ಒಂದು ಫೈಲ್‌ಗೆ ಇಳಿಸುವ ಪೋಸ್ಟ್‌ಗ್ರೆಸ್‌ನ ಸಾಧನ) ಓಡುತ್ತದೆ. ಫೈಲ್ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೂ ಕ್ಲೌಡ್‌ಗೂ ಹೋಗುತ್ತದೆ. ಈ ಸಲ ಬಂದ ಆಡಿಟರ್, "ಇದನ್ನು ಯಾವತ್ತಾದರೂ ರಿಸ್ಟೋರ್ ಮಾಡಿ, ಅಂದರೆ ವಾಪಸ್ ತುಂಬಿಸಿ, ನೋಡಿದ್ದೀರಾ?" ಎಂದು ಕೇಳಿದರು. ಇಲ್ಲ ಎಂದೆ. ಫೈಲ್ ತೆರೆಯುತ್ತದೆ, ಟೇಬಲ್‌ಗಳ ಪಟ್ಟಿ ಕಾಣುತ್ತದೆ. ಅಷ್ಟು ಸಾಲದೇ? ಲೈವ್ ಸರ್ವರ್ ಮುಟ್ಟದೆ ಪರೀಕ್ಷೆ ಮಾಡುವುದು ಹೇಗೆ? ಎಷ್ಟು ದಿನಕ್ಕೊಮ್ಮೆ? ಹಳೆಯ ಫೈಲ್‌ಗಳಿಂದ ಡಿಸ್ಕ್ ತುಂಬಿದೆ, ಅಳಿಸಬಹುದೇ?

ಉತ್ತರ: ಮೊದಲು ಆ ಆಡಿಟರ್‌ಗೆ ಒಂದು ಕಾಫಿ ಕೊಡಿಸಿ. "ಬ್ಯಾಕಪ್ ಇದೆಯಾ?" ಎಂದು ಕೇಳಿ, "ಇದೆ" ಅಂದ ಕೂಡಲೇ ಟಿಕ್ ಹಾಕಿ ಹೋಗುವವರೇ ಜಾಸ್ತಿ. ನಿಮ್ಮವರು ಕೇಳಬೇಕಾದ ಪ್ರಶ್ನೆ ಕೇಳಿದ್ದಾರೆ.

ಪಟ್ಟಿ ಕಂಡರೆ ಸಾಲದು. ಪಿಜಿ ಡಂಪ್‌ನ ಕಸ್ಟಮ್ ಫಾರ್ಮ್ಯಾಟ್ ಫೈಲ್‌ನಲ್ಲಿ ಆ ಪಟ್ಟಿ ಫೈಲ್‌ನ ತಲೆಭಾಗದಲ್ಲೇ ಇರುತ್ತದೆ. ಪಟ್ಟಿ ತೋರಿಸು ಅಂದರೆ, ಫೈಲನ್ನು ವಾಪಸ್ ತುಂಬುವ ಸಾಧನವಾದ ಪಿಜಿ ರಿಸ್ಟೋರ್ ಅಷ್ಟನ್ನು ಮಾತ್ರ ಓದುತ್ತದೆ. ಡಿಸ್ಕ್ ತುಂಬಿಯೋ, ನೆಟ್ ಕಡಿದೋ ಫೈಲ್ ಅರ್ಧಕ್ಕೇ ನಿಂತಿದ್ದರೂ ಪಟ್ಟಿ ಚೆನ್ನಾಗಿಯೇ ಕಾಣಬಹುದು. ಮದುವೆ ಊಟದ ಮೆನು ನೋಡಿ ಹೊಟ್ಟೆ ತುಂಬಿತು ಅಂದ ಹಾಗೆ ಅದು.

ನನ್ನದೇ ಒಂದು ಹಳೆಯ ಕಥೆ ಹೇಳಿಬಿಡುತ್ತೇನೆ, ನಾಚಿಕೆ ಇಲ್ಲದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಔಷಧಿ ಸಗಟು ವ್ಯಾಪಾರ ಮಾಡುವ ಒಂದು ಕಡೆ ಬ್ಯಾಕಪ್ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಆಗ ಮೈಎಸ್‌ಕ್ಯೂಎಲ್, ಅದೂ ಪೋಸ್ಟ್‌ಗ್ರೆಸ್‌ನಂಥದೇ ಒಂದು ಡೇಟಾಬೇಸ್. ಡಂಪ್ ತೆಗೆ, ಪೈಪ್ ಮೂಲಕ (ಒಂದು ಆಜ್ಞೆ ಕೊಟ್ಟಿದ್ದನ್ನು ನೇರ ಮುಂದಿನದಕ್ಕೆ ಹರಿಸುವ ದಾರಿ) ಫೈಲ್ ಕುಗ್ಗಿಸುವ ಜಿಜಿಪ್‌ಗೆ ಕೊಡು, ಏಳು ದಿನಕ್ಕಿಂತ ಹಳೆಯದನ್ನು ಅಳಿಸು. ಮೂರೇ ಸಾಲು. ತಿಂಗಳುಗಟ್ಟಲೆ ಚೆನ್ನಾಗಿ ನಡೆಯಿತು. ಆಮೇಲೆ ಯಾರೋ ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿದರು. ನನ್ನ ಸ್ಕ್ರಿಪ್ಟ್‌ನಲ್ಲಿ ಹಳೆಯದೇ ಇತ್ತು. ಡಂಪ್ ಒಳಗೆ ಹೋಗಲಾರದೆ ಸುಮ್ಮನಾಯಿತು. ಜಿಜಿಪ್ ಮಾತ್ರ ತನಗೆ ಬಂದ 'ಏನೂ ಇಲ್ಲ'ವನ್ನು ಅಚ್ಚುಕಟ್ಟಾಗಿ ಕಟ್ಟಿಟ್ಟು, ಕೆಲಸ ಆಯಿತು ಎಂದು ವರದಿ ಕೊಟ್ಟಿತು. ಪೈಪ್ ಇದ್ದಾಗ, ಆಜ್ಞೆಗಳನ್ನು ಓಡಿಸುವ ಶೆಲ್ ನೋಡುವುದು ಕೊನೆಯ ಆಜ್ಞೆಯ ಫಲಿತಾಂಶವನ್ನು ಮಾತ್ರ. ಏನೂ ಇಲ್ಲದ್ದನ್ನು ಜಿಜಿಪ್ ಮಾಡಿದರೆ 20 ಬೈಟ್‌ನ ಫೈಲ್ ಬರುತ್ತದೆ. ದಿನಾ ಒಂದು 20 ಬೈಟ್ ಫೈಲ್, ಸರಿಯಾದ ತಾರೀಖಿನ ಹೆಸರಿನೊಂದಿಗೆ. ಏಳು ದಿನದ ನಂತರ, ಅಳಿಸುವ ಸಾಲು ತನ್ನ ಕರ್ತವ್ಯ ಮಾಡಿ ಕೊನೆಯ ಒಳ್ಳೆಯ ಫೈಲನ್ನೂ ತೆಗೆದುಹಾಕಿತು. ಡಿಸ್ಕ್ ಕೆಟ್ಟಿದ್ದು ಅದಾದ ಮೇಲೆ. ಮೂರು ಜನ ಕೂತು ಬಿಲ್ ಪುಸ್ತಕ ನೋಡಿ ವಾರಗಟ್ಟಲೆ ಟೈಪ್ ಮಾಡಿದರು. ಅದರಲ್ಲಿ ಒಬ್ಬ ನಾನು.

ಹಾಗಾಗಿ ಇವತ್ತೇ ನಿಮ್ಮ ಸ್ಕ್ರಿಪ್ಟ್ ತೆರೆದು ನೋಡಿ. ಪೈಪ್ ಇದ್ದರೆ ಮೇಲೆ 'ಪೈಪ್‌ಫೇಲ್' ಸೆಟ್ ಮಾಡಿ, ಆಗ ಮಧ್ಯದ ಯಾವ ಆಜ್ಞೆ ತಪ್ಪಿದರೂ ಶೆಲ್‌ಗೆ ಗೊತ್ತಾಗುತ್ತದೆ. ಅಳಿಸುವ ಸಾಲು ಇದ್ದರೆ, ಹೊಸ ಫೈಲ್ ಚೆನ್ನಾಗಿದೆ ಎಂದು ತಿಳಿದ ಮೇಲೆಯೇ ಅದು ಓಡಬೇಕು. ನಿನ್ನೆಯದಕ್ಕಿಂತ ಇವತ್ತಿನ ಫೈಲ್ ಗಾತ್ರ ತಟ್ಟನೆ ಕುಗ್ಗಿದ್ದರೆ ನಿಲ್ಲಬೇಕು. ಇದು ಐದು ನಿಮಿಷದ ಕೆಲಸ.

ದೊಡ್ಡವರಿಗೂ ಹೀಗೇ ಆಗಿದೆ. ಸಾಫ್ಟ್‌ವೇರ್ ಬರೆಯುವವರೇ ತಮ್ಮ ಕೋಡ್ ಇಡಲು ಬಳಸುವ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರ ರಾತ್ರಿ ಒಬ್ಬ ಇಂಜಿನಿಯರ್ ಎರಡನೇ ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನ ಪೋಸ್ಟ್‌ಗ್ರೆಸ್ ಡೇಟಾ ಫೋಲ್ಡರನ್ನೇ ಅಳಿಸಿದರು. ತಪ್ಪು ಗೊತ್ತಾಗಿ ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ಸರಿ, ಬ್ಯಾಕಪ್ ತೆಗೆಯೋಣ ಎಂದು ಹೋದರೆ ಕ್ಲೌಡ್‌ನಲ್ಲಿ ಬ್ಯಾಕಪ್ ಇಡುವ ಬಕೆಟ್ ಖಾಲಿ. ಸರ್ವರ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುತ್ತಿದ್ದ ಪಿಜಿ ಡಂಪ್ 9.2. ತನಗಿಂತ ಹೊಸ ಆವೃತ್ತಿಯ ಸರ್ವರನ್ನು ಪಿಜಿ ಡಂಪ್ ಮುಟ್ಟುವುದಿಲ್ಲ. ಹಾಗಾಗಿ ಪ್ರತಿ ಸಲವೂ ಎರರ್ ಕೊಟ್ಟು ನಿಲ್ಲುತ್ತಿತ್ತು. ಎರರ್ ಆದರೆ ಇಮೇಲ್ ಬರುವ ಏರ್ಪಾಡೂ ಇತ್ತು. ಆದರೆ ಆ ಇಮೇಲ್‌ಗಳಿಗೆ ಸರಿಯಾದ ಸಹಿ ಇಲ್ಲವೆಂದು ಅವರದೇ ಮೇಲ್ ವ್ಯವಸ್ಥೆ ಅವನ್ನು ತಿರಸ್ಕರಿಸುತ್ತಿತ್ತು. ಕ್ಲೌಡ್ ಕಂಪನಿಯ ಡಿಸ್ಕ್ ಸ್ನ್ಯಾಪ್‌ಶಾಟ್ (ಆ ಕ್ಷಣದಲ್ಲಿ ಡಿಸ್ಕ್ ಹೇಗಿತ್ತೋ ಹಾಗೆ ಹಿಡಿದ ಪ್ರತಿ) ಸೌಲಭ್ಯ ಡೇಟಾಬೇಸ್ ಸರ್ವರ್‌ಗಳಿಗೆ ಹಾಕಿರಲೇ ಇಲ್ಲ. ಕೊನೆಗೆ ಕಾಪಾಡಿದ್ದು ಅದೃಷ್ಟ. ಅದೇ ಇಂಜಿನಿಯರ್ ಬೇರೆ ಯಾವುದೋ ಪರೀಕ್ಷೆಗೆಂದು ಸುಮಾರು ಆರು ಗಂಟೆ ಮುಂಚೆ ಕೈಯಾರೆ ಒಂದು ಸ್ನ್ಯಾಪ್‌ಶಾಟ್ ತೆಗೆದಿದ್ದರು. ಅದನ್ನು ನಿಧಾನದ ಡಿಸ್ಕ್‌ನಿಂದ ಕಾಪಿ ಮಾಡುವುದಕ್ಕೇ ಸುಮಾರು 18 ಗಂಟೆ ಹಿಡಿಯಿತು. ಆ ಆರು ಗಂಟೆಯಲ್ಲಿ ಬರೆದಿದ್ದು ಹೋಯಿತು. ಇದನ್ನೆಲ್ಲ ಮುಚ್ಚಿಡದೆ ಜಗತ್ತಿಗೆ ಹೇಳಿಕೊಂಡರು ಅನ್ನುವುದು ಅವರ ದೊಡ್ಡತನ.

ಅಲ್ಲಿ ಐದು ತರಹದ ರಕ್ಷಣೆ ಇತ್ತು, ಯಾವುದೂ ಬೇಕಾದಾಗ ನೆಟ್ಟಗೆ ಕೈಗೆ ಸಿಗಲಿಲ್ಲ. ತಿಂಗಳಿಗೊಮ್ಮೆ ಯಾರಾದರೂ ಆ ಫೈಲನ್ನು ಎತ್ತಿಕೊಂಡು ಬೇರೆ ಯಂತ್ರದಲ್ಲಿ ಬಿಚ್ಚಿ ನೋಡಿದ್ದರೆ ಬಕೆಟ್ ಖಾಲಿ ಅನ್ನುವುದು ಮೊದಲ ತಿಂಗಳೇ ಗೊತ್ತಾಗುತ್ತಿತ್ತು.

ಈಗ ನಿಮ್ಮ ಸಂಘಕ್ಕೆ ಬರೋಣ. ಒಂದು ಹಳೆಯ ಡೆಸ್ಕ್‌ಟಾಪ್ ಸಾಕು. ಎಸ್‌ಎಸ್‌ಡಿ ಹಾಕಿಸಿ. ಡಂಪ್ ಫೈಲ್ ಚಿಕ್ಕದು ಎಂದು ಮೋಸಹೋಗಬೇಡಿ. ಅದು ಕುಗ್ಗಿಸಿದ ಫೈಲ್, ಬೇಗ ಹುಡುಕಲು ಡೇಟಾಬೇಸ್ ಕಟ್ಟಿಕೊಳ್ಳುವ ಇಂಡೆಕ್ಸ್‌ಗಳಂತೂ ಅದರಲ್ಲಿ ಇರುವುದೇ ಇಲ್ಲ, ಅವನ್ನು ಕಟ್ಟುವ ಆಜ್ಞೆ ಮಾತ್ರ ಇರುತ್ತದೆ. ಲೈವ್ ಡೇಟಾಬೇಸ್ ಡಿಸ್ಕ್ ಮೇಲೆ ಎಷ್ಟು ಜಾಗ ಹಿಡಿದಿದೆ ನೋಡಿ, ಅದರ ಎರಡು ಪಟ್ಟು ಖಾಲಿ ಇಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್‌ನ ಅದೇ ಆವೃತ್ತಿ ಹಾಕಿ.

ಇನ್ನೊಂದು ಮಾತು. ಯಂತ್ರ ಆನ್ ಮಾಡುವ ಮೊದಲು ನೆಟ್ ಕೇಬಲ್ ಕಿತ್ತಿಡಿ. ತಮಾಷೆ ಅಲ್ಲ. ಒಂದು ಕಡೆ ನಾವು ಹೀಗೇ ಪರೀಕ್ಷೆಗೆ ರಿಸ್ಟೋರ್ ಮಾಡಿ, ಸಾಫ್ಟ್‌ವೇರನ್ನೂ ಮೇಲೆ ಓಡಿಸಿ ಊಟಕ್ಕೆ ಹೋದೆವು. ಡೇಟಾಬೇಸ್ ಒಳಗೇ ಎಸ್‌ಎಂಎಸ್ ಗೇಟ್‌ವೇಯ ಕೀ ಇತ್ತು. ಕಳುಹಿಸಬೇಕಾದ ಸಂದೇಶಗಳ ಸಾಲೂ ಇತ್ತು. ನಾವು ಮೊಸರನ್ನ ಮುಗಿಸುವಷ್ಟರಲ್ಲಿ ಸಾಲ ತೀರಿಸಿ ಆಗಿದ್ದವರಿಗೂ "ನಿಮ್ಮ ಕಂತು ಬಾಕಿ ಇದೆ" ಎಂಬ ಸಂದೇಶ ಹೋಗಿತ್ತು. ಫೋನ್‌ಗಳು ಸಂಜೆಯವರೆಗೆ ನಿಲ್ಲಲಿಲ್ಲ. ನಿಮ್ಮಲ್ಲಿ ಎಸ್‌ಎಂಎಸ್ ಅಲ್ಲದೆ ರಾತ್ರಿ ತಾನೇ ಬಡ್ಡಿ ಹಾಕುವ ಕೆಲಸ, ಪಿಗ್ಮಿ ಯಂತ್ರದಿಂದ ಡೇಟಾ ಎಳೆಯುವ ಕೆಲಸ ಎಲ್ಲ ಇರಬಹುದು. ಪರೀಕ್ಷೆಯ ಯಂತ್ರ ಪಿಗ್ಮಿ ಡೇಟಾವನ್ನು ಮೊದಲು ಎಳೆದುಕೊಂಡುಬಿಟ್ಟರೆ ಲೈವ್ ಸರ್ವರ್‌ಗೆ ಅದು ಸಿಗುವುದೇ ಇಲ್ಲ. ಅವನ್ನೆಲ್ಲ ನಿಲ್ಲಿಸಿದ ಮೇಲೇ ಕೇಬಲ್ ಮಾತು.

ಫೈಲನ್ನು ಎಲ್ಲಿಂದ ತರುತ್ತೀರಿ ಅನ್ನುವುದೂ ಮುಖ್ಯ. ಪಕ್ಕದ ಡಿಸ್ಕ್‌ನಿಂದ ತರುವುದು ಸುಲಭ. ಆದರೆ ಬೆಂಕಿಯೋ ಮಳೆ ನೀರೋ ಬಂದ ದಿನ ಆ ಡಿಸ್ಕೂ ಸರ್ವರ್ ಜೊತೆಗೇ ಹೋಗುತ್ತದೆ. ಹಾಗಾಗಿ ಒಂದು ತಿಂಗಳು ಡಿಸ್ಕ್‌ನಿಂದ, ಇನ್ನೊಂದು ತಿಂಗಳು ಕ್ಲೌಡ್‌ನಿಂದ ತೆಗೆಯಿರಿ. ಆ ದಿನ ಕ್ಲೌಡ್‌ನ ಲಾಗಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ, ಒಟಿಪಿ ಯಾರ ಮೊಬೈಲ್‌ಗೆ ಹೋಗುತ್ತದೆ ಎಂಬುದೆಲ್ಲ ಹೊರಗೆ ಬರುತ್ತದೆ. ಕೆಲಸ ಬಿಟ್ಟು ಹೋದವರ ಮೊಬೈಲ್‌ಗೆ ಒಟಿಪಿ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಖರ್ಚು ಉಳಿಸಲು ಕ್ಲೌಡ್‌ನ ಅಗ್ಗದ 'ಆರ್ಕೈವ್' ದರ್ಜೆಯಲ್ಲಿ ಇಟ್ಟಿದ್ದರೆ ಇನ್ನೊಂದು ಆಶ್ಚರ್ಯ ಕಾದಿರುತ್ತದೆ. ಕೆಲವು ಕಂಪನಿಗಳಲ್ಲಿ ಅಲ್ಲಿಂದ ಫೈಲ್ ಹೊರಗೆ ಬರಲು ಕೆಲವು ಗಂಟೆ ಬೇಕು, ಅತಿ ಅಗ್ಗದ ದರ್ಜೆಯಲ್ಲಿ ಅರ್ಧ ದಿನವೋ ಅದಕ್ಕಿಂತ ಹೆಚ್ಚೋ ಹಿಡಿಯಬಹುದು.

ಇನ್ನು ಪಿಜಿ ರಿಸ್ಟೋರ್ ಓಡಿಸಿ. ಮೊದಲ ಸಲ ಖಂಡಿತ ಎರರ್ ಬರುತ್ತದೆ. 'ರೋಲ್ ಇಲ್ಲ', ಅಂದರೆ ಆ ಬಳಕೆದಾರ ಇಲ್ಲ, ಅನ್ನುತ್ತದೆ. ಕಾರಣ, ಪಿಜಿ ಡಂಪ್ ಒಂದು ಡೇಟಾಬೇಸ್‌ನ ಒಳಗಿನದನ್ನು ಮಾತ್ರ ತೆಗೆಯುತ್ತದೆ. ಬಳಕೆದಾರರು, ಅವರ ಪಾಸ್‌ವರ್ಡ್‌ಗಳು ಇಡೀ ಸರ್ವರ್‌ಗೆ ಸೇರಿದವು. ಅವು ಬೇಕಾದರೆ ಪಿಜಿ ಡಂಪ್‌ಆಲ್ ಅನ್ನು 'ಗ್ಲೋಬಲ್ಸ್ ಓನ್ಲಿ' ಆಯ್ಕೆಯೊಂದಿಗೆ ಬೇರೆಯಾಗಿ ಓಡಿಸಬೇಕು. ನಿಮ್ಮ ರಾತ್ರಿಯ ಸ್ಕ್ರಿಪ್ಟ್‌ನಲ್ಲಿ ಆ ಸಾಲು ಇರುವುದು ಅನುಮಾನ. ಮೈಎಸ್‌ಕ್ಯೂಎಲ್ ಬಳಸುವವರಿಗೆ ಇದೇ ತರಹದ ಗುಂಡಿ ಬೇರೆ ಕಡೆ ಇದೆ. ಮೈಎಸ್‌ಕ್ಯೂಎಲ್ ಡಂಪ್ ಟ್ರಿಗರ್‌ಗಳನ್ನು (ಟೇಬಲ್ ಬದಲಾದಾಗ ತಾನೇ ಓಡುವ ಕೋಡ್) ತಾನಾಗಿ ಸೇರಿಸಿಕೊಳ್ಳುತ್ತದೆ, ಆದರೆ ಸ್ಟೋರ್ಡ್ ಪ್ರೊಸೀಜರ್‌ಗಳನ್ನು (ಡೇಟಾಬೇಸ್ ಒಳಗೇ ಬರೆದಿಟ್ಟ, ಕರೆದಾಗ ಓಡುವ ಕೋಡ್) ನಾವು ಕೇಳಿದರೆ ಮಾತ್ರ ಕೊಡುತ್ತದೆ. ಟೇಬಲ್ ಎಲ್ಲ ಬಂದಿದೆ, ಬಡ್ಡಿ ಲೆಕ್ಕ ಹಾಕುವ ಪ್ರೊಸೀಜರ್ ಮಾತ್ರ ಇಲ್ಲ ಅನ್ನುವ ಸ್ಥಿತಿ ಬರುವುದು ಹೀಗೆ.

ಎರರ್ ವಿಷಯದಲ್ಲಿ ಒಂದು ಎಚ್ಚರ. ಪಿಜಿ ರಿಸ್ಟೋರ್ ತುಂಬಾ ಸಹನೆಯ ಪ್ರಾಣಿ. ಒಂದು ಟೇಬಲ್ ತುಂಬಲಾಗದಿದ್ದರೂ ಮುಂದಕ್ಕೆ ಹೋಗುತ್ತದೆ. ಕೊನೆಯಲ್ಲಿ ಇಷ್ಟು ಎರರ್‌ಗಳನ್ನು ಕಡೆಗಣಿಸಿದೆ ಎಂದು ಒಂದು ಸಾಲು ಬರೆದು ಮುಗಿಸುತ್ತದೆ. ಪರದೆ ಮೇಲೆ ನೂರು ಸಾಲು ಓಡಿದ ಮೇಲೆ ಆ ಸಾಲನ್ನು ಯಾರು ಓದುತ್ತಾರೆ? 'ಎರರ್ ಬಂದರೆ ನಿಲ್ಲು' ಎಂಬ ಆಯ್ಕೆ ಕೊಟ್ಟು ಓಡಿಸಿ. ಬರೀ ಎಸ್‌ಕ್ಯೂಎಲ್ ಆಜ್ಞೆಗಳ ಫೈಲ್ ಆಗಿದ್ದರೆ ಅದನ್ನು ಓಡಿಸುವ ಪಿಎಸ್‌ಕ್ಯೂಎಲ್‌ನಲ್ಲೂ ಅಂಥದ್ದೇ ಆಯ್ಕೆ ಇದೆ. ಮೊದಲ ದಿನ ಹತ್ತು ಸಲ ನಿಲ್ಲುತ್ತದೆ, ಬೇಜಾರಾಗುತ್ತದೆ. ನಿಂತ ಪ್ರತಿ ಜಾಗವನ್ನೂ ಬರೆದಿಟ್ಟುಕೊಳ್ಳಿ.

ಗಡಿಯಾರ ನೋಡಿ ಶುರು ಮಾಡಿ. ಫೈಲ್ ಕೈಗೆ ಬರಲು ಎಷ್ಟು ಹೊತ್ತು, ಡೇಟಾ ತುಂಬಲು ಎಷ್ಟು, ಇಂಡೆಕ್ಸ್ ಕಟ್ಟಲು ಎಷ್ಟು, ಸಾಫ್ಟ್‌ವೇರ್ ತೆರೆದು ಮೊದಲ ಪಾಸ್‌ಬುಕ್ ಪ್ರಿಂಟ್ ಆಗಲು ಎಷ್ಟು. ಕಾರ್ಯದರ್ಶಿಯವರು ನಾಳೆ "ಕೌಂಟರ್ ಯಾವಾಗ ತೆರೆಯಬಹುದು?" ಎಂದು ಕೇಳಿದಾಗ ಅಂದಾಜು ಹೇಳಬಾರದು, ಅಳೆದಿದ್ದು ಹೇಳಬೇಕು.

ಇಲ್ಲಿಗೆ ಕಂಪ್ಯೂಟರ್‌ನವರ ಅರ್ಧ ಮುಗಿಯಿತು. ಬಹಳ ಜನ ಇಲ್ಲೇ ನಿಲ್ಲಿಸಿ, ರಿಸ್ಟೋರ್ ಯಶಸ್ವಿ ಎಂದು ಬರೆದುಕೊಳ್ಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಎರರ್ ಇಲ್ಲದೆ ಮುಗಿಯಿತು ಅಂದರೆ ಫೈಲ್‌ನಲ್ಲಿ ಇದ್ದದ್ದು ಬಂತು ಎಂದು ಅರ್ಥ. ಇರಬೇಕಾದ್ದು ಫೈಲ್‌ನಲ್ಲಿ ಇತ್ತೇ? ಆ ತೀರ್ಪು ಕೊಡಬೇಕಾದವರು ನೀವಲ್ಲ, ನಿಮ್ಮ ಅಕೌಂಟೆಂಟ್.

ನಿಮ್ಮ ಸಂಘಕ್ಕೆ ಒಂದು ಅನುಕೂಲ ಇದೆ, ಬೇರೆ ಎಷ್ಟೋ ಕಂಪನಿಗಳಿಗೆ ಇಲ್ಲದ್ದು. ದಿನಾ ಸಂಜೆ ನೀವು ದಿನ ಮುಗಿಸಿ ಡೇ ಬುಕ್ ಮತ್ತು ಟ್ರಯಲ್ ಬ್ಯಾಲೆನ್ಸ್ ಪ್ರಿಂಟ್ ತೆಗೆದು ಸಹಿ ಮಾಡಿಸಿ ಇಡುತ್ತೀರಿ, ಅಲ್ವಾ? ಆ ಕಾಗದವೇ ನಿಮ್ಮ ಪರೀಕ್ಷೆಯ ಉತ್ತರ ಪತ್ರಿಕೆ. ರಿಸ್ಟೋರ್ ಆದ ಯಂತ್ರದಲ್ಲಿ ಅದೇ ದಿನದ ಟ್ರಯಲ್ ಬ್ಯಾಲೆನ್ಸ್ ತೆಗೆಯಿರಿ. ಷೇರು ಬಂಡವಾಳ, ಪಿಗ್ಮಿ, ಮುದ್ದತಿ ಠೇವಣಿ, ಚಿನ್ನದ ಸಾಲದ ಬಾಕಿ, ಕೈಯಲ್ಲಿರುವ ನಗದು. ಪೈಸೆಗೆ ಪೈಸೆ ತಾಳೆಯಾಗಬೇಕು. ಡಂಪ್ ಶುರುವಾದ ಕ್ಷಣದಲ್ಲಿ ಡೇಟಾಬೇಸ್ ಹೇಗಿತ್ತೋ ಹಾಗೆಯೇ ಪಿಜಿ ಡಂಪ್ ಹಿಡಿಯುತ್ತದೆ. ಆಮೇಲೆ ಬರೆದಿದ್ದು ಅದರಲ್ಲಿ ಇರುವುದಿಲ್ಲ. ದಿನ ಮುಗಿಸಿದ ಮೇಲೆ ರಾತ್ರಿ 11ರ ತನಕ ಯಾರೂ ಏನೂ ಬರೆದಿಲ್ಲದಿದ್ದರೆ ವ್ಯತ್ಯಾಸ ಬರಲು ಕಾರಣವೇ ಇಲ್ಲ. ಬಂದರೆ ದಿನ ಮುಗಿಸುವ ಮುಂಚೆ ಬರಬೇಕಾದ ಪಿಗ್ಮಿ ಡೇಟಾ ಯಾರದ್ದೋ ರಾತ್ರಿ ಬಂದಿದೆ, ಇಲ್ಲವೇ ಏನೋ ಸರಿ ಇಲ್ಲ. ಎರಡೂ ತಿಳಿಯಬೇಕಾದ ಸಂಗತಿಯೇ.

ಕೊನೆಯ ವೋಚರ್ ನಂಬರ್ ಮತ್ತು ತಾರೀಖು ಮೊದಲು ನೋಡಿ. ಇದು ಸಣ್ಣದು ಅನ್ನಿಸುತ್ತದೆ. ಆದರೆ ಫೈಲ್‌ನ ಹೆಸರಲ್ಲಿ ನಿನ್ನೆಯ ತಾರೀಖು, ಒಳಗೆ ಮೂರು ತಿಂಗಳ ಹಿಂದಿನ ಡೇಟಾ ಇರುವುದು ಅಪರೂಪ ಅಲ್ಲ. ಸರ್ವರ್ ಬದಲಿಸಿದಾಗ ಸ್ಕ್ರಿಪ್ಟ್ ಹಳೆಯ ಸರ್ವರನ್ನೇ ಡಂಪ್ ಮಾಡುತ್ತಾ ಕೂತಿರುತ್ತದೆ. ಫೈಲ್ ಗಾತ್ರ ಸರಿ, ಎರರ್ ಇಲ್ಲ, ಎಲ್ಲ ಹಸಿರು.

ಆಮೇಲೆ ಅಕೌಂಟೆಂಟ್ ಕೈಗೆ ಐದಾರು ಜನರ ಪಾಸ್‌ಬುಕ್ ಕೊಟ್ಟು, ಅವರ ಖಾತೆ ತೆರೆದು ನೋಡಲು ಹೇಳಿ. ಹೆಸರು ಕನ್ನಡದಲ್ಲಿ ಓದಲು ಬರುತ್ತದಾ ನೋಡಿ. ಇದು ನಮ್ಮವರಿಗೇ ಇರುವ ತಾಪತ್ರಯ. ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. 'ಕ್ಷ' ಅನ್ನುವ ಒಂದು ಅಕ್ಷರಕ್ಕೇ ಒಂಬತ್ತು. ದಾರಿಯಲ್ಲಿ ಎಲ್ಲಾದರೂ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ತಪ್ಪಿದರೆ ಎರಡು ತರಹ ಹಾಳಾಗುತ್ತದೆ. ವಿಚಿತ್ರ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡರೆ ಸಮಾಧಾನ ಪಡಿ, ಬೈಟ್‌ಗಳು ಒಳಗಿರುವ ಸಾಧ್ಯತೆ ಇದೆ, ಸರಿಪಡಿಸಬಹುದು. ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳೇ ಸೇವ್ ಆಗಿದ್ದರೆ ಮುಗಿಯಿತು. 'ಮಂಜುನಾಥ' ಹೋಗಿ ಏಳು ಪ್ರಶ್ನಾರ್ಥಕ ಆದ ಮೇಲೆ ಅದರಿಂದ ಮಂಜುನಾಥನನ್ನು ಯಾರೂ ತೆಗೆಯಲಾರರು.

ಹಳೆಯ ಸಂಘಗಳಲ್ಲಿ ಇದಕ್ಕೂ ಹಿಂದಿನ ಕಥೆ ಇದೆ. ಯುನಿಕೋಡ್ ಬರುವ ಮುಂಚೆ ನುಡಿ, ಬರಹ ಫಾಂಟ್‌ಗಳಲ್ಲಿ ತುಂಬಿಸಿದ ಹೆಸರುಗಳು ಇನ್ನೂ ಹಾಗೆಯೇ ಕೂತಿರುತ್ತವೆ. ಅವು ನಿಜಕ್ಕೂ ಕನ್ನಡ ಅಕ್ಷರಗಳಲ್ಲ, ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಅಕ್ಷರಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ಪರೀಕ್ಷೆಯ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಎಲ್ಲ ಹಾಳಾದಂತೆ ಕಾಣುತ್ತದೆ, ನೀವು ಸುಮ್ನೆ ಗಾಬರಿಯಾಗುತ್ತೀರಿ. ಡೇಟಾ ಸರಿಯಾಗಿಯೇ ಇರುತ್ತದೆ, ಫಾಂಟ್ ಹಾಕಿದರೆ ಮುಗಿಯಿತು. ಹಾಗಾಗಿ ಆ ಫಾಂಟ್ ಫೈಲೂ ಬ್ಯಾಕಪ್ ಜೊತೆಗೇ ಇರಲಿ.

ಫಾಂಟ್ ಎಂದಾಗ ನೆನಪಾಯಿತು, ಡೇಟಾಬೇಸ್ ಹೊರಗೆ ಇರುವ ಸಾಮಾನುಗಳ ಪಟ್ಟಿ ಮಾಡಿ. ಸದಸ್ಯರ ಫೋಟೋ ಮತ್ತು ಸಹಿ ಮಾದರಿ ಬಹಳ ಕಡೆ ಡೇಟಾಬೇಸ್‌ನಲ್ಲಿ ಇರುವುದಿಲ್ಲ, ಸರ್ವರ್‌ನ ಯಾವುದೋ ಫೋಲ್ಡರ್‌ನಲ್ಲಿ ಇರುತ್ತದೆ. ಡೇಟಾಬೇಸ್‌ನಲ್ಲಿ ಇರುವುದು ಫೈಲ್‌ನ ದಾರಿ ಮಾತ್ರ. ರಿಸ್ಟೋರ್ ಮಾಡಿ ಸಹಿ ತೆರೆದರೆ ಖಾಲಿ ಚೌಕ. ಹಣ ಕೊಡುವ ಕೌಂಟರ್‌ನಲ್ಲಿ ಸಹಿ ಕಾಣದಿದ್ದರೆ ಕೆಲಸ ನಿಂತ ಹಾಗೆಯೇ. ಸಾಫ್ಟ್‌ವೇರ್‌ನ ಇನ್‌ಸ್ಟಾಲರ್, ಅದರ ಕಾನ್ಫಿಗ್ ಫೈಲ್, ಲೈಸೆನ್ಸ್‌ಗೆ ಯುಎಸ್‌ಬಿ ಡಾಂಗಲ್ ಇದ್ದರೆ ಅದು, ಪಾಸ್‌ಬುಕ್ ಪ್ರಿಂಟರ್‌ನ ಡ್ರೈವರ್. ಇವೆಲ್ಲ ಪರೀಕ್ಷೆಯ ಯಂತ್ರದಲ್ಲಿ ಎಡವಿದಾಗಲೇ ಒಂದೊಂದಾಗಿ ನೆನಪಾಗುತ್ತವೆ. ಬ್ಯಾಕಪ್ ಫೈಲಿಗೆ ಎನ್‌ಕ್ರಿಪ್ಷನ್ ಹಾಕಿದ್ದೀರಾದರೆ ಅದರ ಪಾಸ್‌ವರ್ಡ್ ಎಲ್ಲಿದೆ? ಅದೇ ಸರ್ವರ್‌ನಲ್ಲಿ ಇದ್ದರೆ ಮನೆ ಕೀಲಿಯನ್ನು ಮನೆಯೊಳಗಿಟ್ಟು ಬಾಗಿಲು ಹಾಕಿಕೊಂಡು ಬಂದ ಹಾಗೆ. ಕಾಗದದಲ್ಲಿ ಬರೆದು, ಲಕೋಟೆ ಅಂಟಿಸಿ, ಚಿನ್ನದ ಸಾಲದ ಒಡವೆ ಇಡುವ ತಿಜೋರಿಯಲ್ಲೇ ಇಡಿ. ಅಲ್ಲಿ ಎರಡು ಕೀಲಿ, ಇಬ್ಬರ ಸಹಿ ಎಲ್ಲ ಪದ್ಧತಿ ಈಗಾಗಲೇ ಇದೆಯಲ್ಲ.

ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದ್ದೀರಿ. ಅಕೌಂಟೆಂಟ್ ಕೂರಿಸಿಕೊಂಡು ಮಾಡುವ ಪೂರ್ತಿ ಪರೀಕ್ಷೆ ತಿಂಗಳಿಗೊಮ್ಮೆ ಸಾಕು. ಪೋಸ್ಟ್‌ಗ್ರೆಸ್ ಅಥವಾ ಸಾಫ್ಟ್‌ವೇರ್‌ನ ಆವೃತ್ತಿ ಬದಲಾದರೆ ಅದೇ ವಾರ ಇನ್ನೊಮ್ಮೆ. ಇದರ ಜೊತೆ, ಆ ಹಳೆಯ ಡೆಸ್ಕ್‌ಟಾಪ್ ಹೇಗೂ ಸುಮ್ಮನೆ ಕೂತಿರುತ್ತದೆ, ಅದಕ್ಕೊಂದು ರಾತ್ರಿ ಕೆಲಸ ಕೊಡಿ. ದಿನಾ ಬೆಳಗಿನ ಜಾವ ಹೊಸ ಫೈಲನ್ನು ಸರ್ವರ್‌ನಿಂದ ತಾನೇ ಎಳೆದುಕೊಂಡು, ರಿಸ್ಟೋರ್ ಮಾಡಿ, ನಾಲ್ಕು ಮೊತ್ತ ಮತ್ತು ಕೊನೆಯ ವೋಚರ್ ತಾರೀಖು ತೆಗೆದು ನಿಮ್ಮ ಮೊಬೈಲ್‌ಗೆ ಕಳುಹಿಸಲಿ. ಫೈಲ್ ಎಳೆಯುವುದಕ್ಕೆ, ಸಂದೇಶ ಕಳುಹಿಸುವುದಕ್ಕೆ ಅಷ್ಟೇ ದಾರಿ ತೆರೆದಿಡಿ. ಸರ್ವರ್ ತಾನು ತಳ್ಳುವ ಬದಲು ಈ ಯಂತ್ರ ಎಳೆದುಕೊಳ್ಳಬೇಕು ಅನ್ನುವುದಕ್ಕೆ ಕಾರಣ ಇದೆ. ಸರ್ವರ್ ಒಳಗೆ ಯಾರಾದರೂ ನುಗ್ಗಿದರೂ ಈ ಯಂತ್ರದಲ್ಲಿರುವುದನ್ನು ಅಳಿಸುವ ಪಾಸ್‌ವರ್ಡ್ ಅಲ್ಲಿ ಸಿಗಬಾರದು. ಸಂದೇಶ ಯಶಸ್ಸಿನದೇ ಬರಲಿ. ತಪ್ಪಾದಾಗ ಮಾತ್ರ ಬರುವ ಸಂದೇಶವನ್ನು ನಂಬಿದರೆ ಗಿಟ್‌ಲ್ಯಾಬ್‌ನವರ ಹಾಗೆ ಆಗುತ್ತದೆ, ಸಂದೇಶ ಇಲ್ಲ ಅಂದರೆ ಎಲ್ಲ ಚೆನ್ನಾಗಿದೆ ಅಂದುಕೊಳ್ಳುತ್ತೀರಿ. ದಿನಾ ಬೆಳಿಗ್ಗೆ ಬರುವುದು ಬರದಿದ್ದರೆ ಪೇಪರ್ ಬರದ ದಿನದ ಹಾಗೆ ತಾನಾಗಿ ಗೊತ್ತಾಗುತ್ತದೆ.

ಆ ಯಂತ್ರದಲ್ಲಿ ಸದಸ್ಯರ ಆಧಾರ್, ವಿಳಾಸ, ಬಾಕಿ ಎಲ್ಲ ಇರುತ್ತದೆ. ಮರೆಯಬೇಡಿ. ಬೀಗ ಇರುವ ಕೋಣೆಯಲ್ಲೇ ಇರಲಿ.

ಇನ್ನೊಂದು ಪರೀಕ್ಷೆ ವರ್ಷಕ್ಕೆ ಎರಡು ಸಲ ಮಾಡಿಸಿ, ನೀವಿಲ್ಲದೆ. ನೀವು ಬರೆದಿಟ್ಟ ಕಾಗದ ಮಾತ್ರ ನೋಡಿಕೊಂಡು ಗುಮಾಸ್ತರಲ್ಲಿ ಒಬ್ಬರು ರಿಸ್ಟೋರ್ ಮಾಡಬೇಕು. ನೀವು ಪಕ್ಕದ ಕೋಣೆಯಲ್ಲಿ ಕೂತಿರಿ, ಬಾಯಿ ಮುಚ್ಚಿಕೊಂಡು. ಇದು ಕಷ್ಟ. ನಾನು ಮೊದಲ ಸಲ ಹತ್ತು ನಿಮಿಷ ಕೂಡ ತಡೆದುಕೊಳ್ಳಲಿಲ್ಲ. ಆದರೆ ಸರ್ವರ್ ಕೆಡುವುದು ನೀವು ಮಗಳ ಕಾಲೇಜು ಸೇರಿಸಲು ಹೋದಾಗಲೋ, ಸಿಗ್ನಲ್ ಇಲ್ಲದ ಊರಿನ ಮದುವೆಯಲ್ಲೋ ಇದ್ದಾಗಲೂ ಆಗಬಹುದು. ಗುಮಾಸ್ತರು ಎಲ್ಲಿ ನಿಂತು ತಲೆ ಕೆರೆದುಕೊಂಡರೋ ಅಲ್ಲಿ ಕಾಗದಕ್ಕೆ ಒಂದು ಸಾಲು ಸೇರಿಸಿ.

ನೀವು ಕೇಳದ ಒಂದು ಪ್ರಶ್ನೆಗೂ ಉತ್ತರ ಕೊಡುತ್ತೇನೆ. ಎಲ್ಲ ಚೆನ್ನಾಗಿ ನಡೆದರೂ, ಸಂಜೆ 5ಕ್ಕೆ ಡಿಸ್ಕ್ ಕೆಟ್ಟರೆ ನಿಮ್ಮ ಹತ್ತಿರ ಇರುವುದು ನಿನ್ನೆ ರಾತ್ರಿ 11ರ ತನಕದ್ದು. ಇಡೀ ದಿನದ ಕೌಂಟರ್ ಕೆಲಸ ಹೋಯಿತು. ಇದನ್ನು ಆಡಳಿತ ಮಂಡಳಿ ಮುಂದೆ ಈಗಲೇ ಹೇಳಿ, ಆ ದಿನ ಹೇಳಬೇಡಿ. ಕೌಂಟರ್‌ನ ವ್ಯವಹಾರಕ್ಕೆ ವೋಚರ್ ಇರುತ್ತದೆ, ಕೂತು ಮತ್ತೆ ತುಂಬಬಹುದು. ಒಂದು ದಿನಕ್ಕೆ ಎಷ್ಟು ವೋಚರ್, ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿ. ಪಿಗ್ಮಿ ಸ್ವಲ್ಪ ಬೇರೆ. 1928ರಲ್ಲಿ ಉಡುಪಿಯಲ್ಲಿ ಪಿಗ್ಮಿ ಶುರುವಾದಾಗ ಮನೆಮನೆಗೆ ಹೋದ ಏಜೆಂಟರ ಕೈಯಲ್ಲಿ ಇದ್ದದ್ದು ಕಾಗದ. ಈಗ ಕೈಯಂತ್ರ. ಸಂಜೆ ಡೇಟಾ ಸರ್ವರ್‌ಗೆ ಇಳಿಸಿದ ಕೂಡಲೇ ಯಂತ್ರ ಖಾಲಿಯಾಗುವ ಹಾಗಿದ್ದರೆ, ಇಳಿಸಿದ ಹೊತ್ತಿನಿಂದ ರಾತ್ರಿ 11ರ ತನಕ ಆ ದಿನದ ಸಂಗ್ರಹಕ್ಕೆ ಒಂದೇ ಪ್ರತಿ, ನಿಮ್ಮ ಸರ್ವರ್‌ನಲ್ಲಿ. ಸದಸ್ಯರ ಕೈಯಲ್ಲಿ ಸಣ್ಣ ಚೀಟಿ ಇದೆ ನಿಜ, ಆದರೆ ನೂರಾರು ಜನರಿಂದ ಅದನ್ನು ವಾಪಸ್ ಕೇಳುವುದು ಸಂಘದ ಮರ್ಯಾದೆ ಪ್ರಶ್ನೆ. ಕನಿಷ್ಠ ಪಿಗ್ಮಿ ಇಳಿಸಿದ ತಕ್ಷಣ ಇನ್ನೊಂದು ಡಂಪ್ ತೆಗೆಯುವ ಹಾಗೆ ಮಾಡಿ. ಇವತ್ತೇ ಮಾಡಬಹುದು, ಖರ್ಚಿಲ್ಲ.

ಇನ್ನೂ ಗಟ್ಟಿ ಬೇಕೆಂದರೆ ವಾಲ್ ಆರ್ಕೈವಿಂಗ್ ಇದೆ. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ಒಂದು ದಿನಚರಿಯಲ್ಲಿ ಬರೆದುಕೊಳ್ಳುತ್ತದೆ, ಅದರ ಹಾಳೆಗಳನ್ನು ಐದು ನಿಮಿಷಕ್ಕೊಮ್ಮೆ ಬೇರೆ ಕಡೆ ಕಳುಹಿಸಬಹುದು. ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೆ ಹೇಗಿತ್ತೋ ಹಾಗೆ ಮಾಡು ಎಂದು ಕೇಳಬಹುದು. ಒಂದು ವಿಷಯ ಮಾತ್ರ ಗೊತ್ತಿರಲಿ, ಈ ಹಾಳೆಗಳು ಪಿಜಿ ಡಂಪ್ ಫೈಲ್ ಮೇಲೆ ಕೂರುವುದಿಲ್ಲ. ಡೇಟಾ ಫೈಲ್‌ಗಳನ್ನೇ ಇಡಿಯಾಗಿ ಕಾಪಿ ಮಾಡುವ ಪಿಜಿ ಬೇಸ್‌ಬ್ಯಾಕಪ್‌ನಂಥದರಿಂದ ತೆಗೆದ ಪ್ರತಿಯೇ ಬೇಕು. 13ನೇ ಆವೃತ್ತಿಯಿಂದ ಈಚೆಗೆ ಆ ಪ್ರತಿಯಲ್ಲಿ ಫೈಲ್ ಬಿಟ್ಟುಹೋಗಿದೆಯೇ ಎಂದು ನೋಡುವ ಪಿಜಿ ವೆರಿಫೈಬ್ಯಾಕಪ್ ಕೂಡ ಬಂದಿದೆ, ಆದರೆ ಅದೂ ರಿಸ್ಟೋರ್‌ಗೆ ಬದಲಿ ಅಲ್ಲ. ಯಾರಾದರೂ "ಎರಡನೇ ಸರ್ವರ್‌ಗೆ ರೆಪ್ಲಿಕೇಶನ್ ಹಾಕಿ, ಬ್ಯಾಕಪ್ ಚಿಂತೆಯೇ ಬೇಡ" ಅಂದರೆ ನಂಬಬೇಡಿ. ಇಲ್ಲಿ ತಪ್ಪಾಗಿ ಅಳಿಸಿದ್ದು ಅಲ್ಲೂ ಕ್ಷಣದಲ್ಲಿ ಅಳಿಸಿಹೋಗುತ್ತದೆ.

ಎಕ್ಸ್‌ಟರ್ನಲ್ ಡಿಸ್ಕ್ ಸದಾ ಸರ್ವರ್‌ಗೆ ಚುಚ್ಚಿಕೊಂಡೇ ಇದೆಯಾ? ಹಾಗಿದ್ದರೆ ರ‍್ಯಾನ್ಸಮ್‌ವೇರ್ ಬಂದ ದಿನ ಅದಕ್ಕೂ ಬೀಗ ಬೀಳುತ್ತದೆ. ಎರಡು ಡಿಸ್ಕ್ ಇಟ್ಟುಕೊಂಡು ವಾರಕ್ಕೊಂದರಂತೆ ಬದಲಿಸಿ, ಇನ್ನೊಂದು ಶಾಖೆಯಲ್ಲೋ ತಿಜೋರಿಯಲ್ಲೋ ಇರಲಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್‌ನ ಸರ್ಕಾರಿ ಡೇಟಾ ಸೆಂಟರ್‌ಗೆ ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಬಿತ್ತು. ಸರ್ಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟ್‌ನ ಸಂಗ್ರಹ ಸುಟ್ಟುಹೋಯಿತು. ಗಾತ್ರ ತುಂಬಾ ದೊಡ್ಡದು ಎಂದು ಅದಕ್ಕೆ ಹೊರಗೆ ಬ್ಯಾಕಪ್ಪೇ ಇರಲಿಲ್ಲ. ನಿಮ್ಮ ಸರ್ವರ್ ಪಕ್ಕದಲ್ಲೂ ಯುಪಿಎಸ್ ಬ್ಯಾಟರಿ ಇರಬೇಕಲ್ಲ, ಅದರ ಮೇಲೆ ಬ್ಯಾಕಪ್ ಡಿಸ್ಕ್ ಇಟ್ಟಿಲ್ಲ ತಾನೇ?

ಆಡಿಟರ್‌ಗೆ ತೋರಿಸಲು ಒಂದು ರಿಜಿಸ್ಟರ್ ಮಾಡಿ. ಕಾಗದದ್ದೇ. ತಾರೀಖು, ಯಾವ ಫೈಲ್, ಎಲ್ಲಿಂದ ತಂದದ್ದು, ಶುರು ಮತ್ತು ಮುಗಿದ ಹೊತ್ತು, ಬಂದ ಎರರ್, ಎರಡು ಕಡೆಯ ಮೊತ್ತಗಳು, ನಿಮ್ಮ ಸಹಿ, ಅಕೌಂಟೆಂಟ್ ಸಹಿ. ತಪ್ಪಿದ ಪರೀಕ್ಷೆಯನ್ನೂ ಬರೆಯಿರಿ. ಒಂದೂ ತಪ್ಪದ ರಿಜಿಸ್ಟರ್ ನೋಡಿದರೆ ನನಗೆ ಅನುಮಾನ ಬರುತ್ತದೆ.

ಕೊನೆಗೆ ಹಳೆಯ ಫೈಲ್‌ಗಳು. ಅಳಿಸಿ, ಆದರೆ ಅಳಿಸುವ ಕ್ರಮ ಹೀಗಿರಲಿ. ಇತ್ತೀಚಿನ 30 ದಿನದ್ದು ಹಾಗೇ ಇರಲಿ, ಯಾಕೆಂದರೆ ತಪ್ಪಾಗಿ ತಿದ್ದಿದ ಖಾತೆ ಗೊತ್ತಾಗುವುದು ಸದಸ್ಯರು ಪಾಸ್‌ಬುಕ್ ಹಿಡಿದು ಬಂದಾಗ, ಅವರು ದಿನಾ ಬರುವುದಿಲ್ಲ. ಅದಕ್ಕಿಂತ ಹಳೆಯದರಲ್ಲಿ ತಿಂಗಳ ಕೊನೆಯದು ಒಂದೊಂದು ಉಳಿಸಿ, ಒಂದು ವರ್ಷದ ಮಟ್ಟಿಗೆ. ಪ್ರತಿ ಮಾರ್ಚ್ 31ರದ್ದು, ಬಡ್ಡಿ ಹಾಕಿ ವರ್ಷ ಮುಗಿಸಿದ ಮೇಲಿನದು, ಬೇರೆಯಾಗಿ ಎತ್ತಿಡಿ. ಅದರ ಜೊತೆ ಆ ವರ್ಷದ ಸಾಫ್ಟ್‌ವೇರ್ ಇನ್‌ಸ್ಟಾಲರ್ ಮತ್ತು ಪೋಸ್ಟ್‌ಗ್ರೆಸ್ ಆವೃತ್ತಿ ಬರೆದ ಚೀಟಿಯೂ ಇರಲಿ. ಐದು ವರ್ಷದ ಹಿಂದಿನ ಡೇಟಾವನ್ನು ಇವತ್ತಿನ ಸಾಫ್ಟ್‌ವೇರ್ ಓದದಿರಬಹುದು. ಈ ವಾರ ಮಾತ್ರ ಏನನ್ನೂ ಅಳಿಸಬೇಡಿ. ಮೊದಲ ರಿಸ್ಟೋರ್ ಆಗಿ, ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಿ, ಅಕೌಂಟೆಂಟ್ ಸಹಿ ಬಿದ್ದ ಮೇಲೆ ಅಳಿಸುವ ಕೆಲಸ ಶುರು ಮಾಡಿ.